ಅನಸವ್ವನನ್ನು ಒಪ್ಪಿಸಿ ಕೊಟ್ಟ ಡಾಕ್ಟರ್

ಎರಡು ನಿಮಿಷ ಬಿಡುವಿದ್ದರೆ ಓದಿ... ಅರ್ಧ ಓದಿ ಫಾರ್ವರ್ಡ್ ಮಾಡುವ ಮಹಾನುಭಾವರು ಈಗಲೇ ಮುಂದೆ ಹೋಗಬಹುದು.

ಗದಗಿನಲ್ಲಿ ಅನಸವ್ವ ಅಂತ ಒಬ್ಬರು ಖಾನಾವಳಿ ನಡೆಸುತ್ತಾರೆ. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದೇ ಮಗಳು ಕಸ್ತೂರಿಯನ್ನು ಓದಿಸಿದವರು.

ಅವರ ತೊಡೆಯಲ್ಲೊಂದು ಗಂಟು ಎದ್ದಿತು. ಮಗಳಿಗೆ ಹೇಳದೆ ಒಬ್ಬರೇ ಡಾಕ್ಟರ್ ಅಣ್ಣಿಗೇರಿಯವರ ಹತ್ತಿರ ಹೋದರು. ಊರಿನ ಹಿರಿಯ ಡಾಕ್ಟರ್ ಅವರು.

ರಿಪೋರ್ಟ್ ಬಂತು... ಕ್ಯಾನ್ಸರ್. ಅದೂ ಅಪರೂಪದ್ದು.

"ಅನಸವ್ವ, ಇದು ನನ್ನಿಂದ ಆಗೂದಲ್ಲ. ಬೆಂಗಳೂರಿನ ದೊಡ್ಡ ದವಾಖಾನಿಗೆ ಹೋಗ್ರಿ. ಲಗೂನ ಹೋಗ್ರಿ" ಅಂದರು ಡಾಕ್ಟರ್.

ನಮ್ಮ ಜನರ ಬುದ್ಧಿ ಗೊತ್ತಲ್ಲ... 'ದೊಡ್ಡ ದವಾಖಾನಿಗೆ ಹೋಗ್ರಿ' ಅಂದರೆ ಡಾಕ್ಟರು ಕೈಚೆಲ್ಲಿದರು ಅಂತಲೇ ಅರ್ಥ. ಪೇಷಂಟನ್ನು ಸೀದಾ ಮನೆಗೆ ಕರೆತಂದು ನೆಂಟರಿಗೆ ಫೋನ್ ಹಚ್ಚುತ್ತಾರೆ.

ಅನಸವ್ವನೂ ಹಾಗೇ ತಿಳಿದರು. ತನ್ನದು ಮುಗಿಯಿತು ಅಂದುಕೊಂಡು ತುಟಿ ಬಿಚ್ಚದೆ ಮನೆಗೆ ಬಂದರು.

ಆಮೇಲೆ ಅವರಿಗೆ ಒಂದೇ ಹಂಬಲ... ಮಗಳನ್ನು ಕಣ್ತುಂಬ ನೋಡುತ್ತಾ ಇರಬೇಕು.

ದಿನಾ ಅವಳ ತಲೆಗೆ ಎಣ್ಣೆ ಹಚ್ಚುವರು. ಊಟಕ್ಕೆ ಕೂತರೆ ತುತ್ತು ಮಾಡಿ ಬಾಯಿಗಿಡುವರು. ಬ್ಯಾಂಕಿನ ಕೆಲಸಕ್ಕೆ ಹೊರಟರೆ ಅವಳ ಗಾಡಿ ಮರೆಯಾಗುವ ತನಕ ಬಾಗಿಲಲ್ಲೇ ನಿಲ್ಲುವರು.

"ಯವ್ವಾ, ನಾ ಏನ್ ಸಣ್ಣ ಕೂಸೇನ?" ಅಂತ ಕಸ್ತೂರಿ ನಗುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಡಾಕ್ಟರ್ ಅಣ್ಣಿಗೇರಿ ತಾವೇ ಖಾನಾವಳಿಗೆ ಬಂದರು.

"ಬೆಂಗಳೂರಿಗೆ ಫೋನ್ ಮಾಡಿ ಕೇಳಿದೆ. ನೀವು ಹೋಗೇ ಇಲ್ಲಂತ. ಯಾಕ್ರಿ ಅನಸವ್ವ?"

ಬಡಿಸುತ್ತಿದ್ದ ಕಸ್ತೂರಿ ತಿರುಗಿ ನೋಡಿದಳು. "ಬೆಂಗಳೂರಿಗೆ ಯಾಕ್ರಿ ಸರ್?"

ವಿಷಯ ತಿಳಿದು ಅಲ್ಲೇ ಕುಸಿದು ಕೂತಳು. "ನನಗ ಯಾಕ ಹೇಳಲಿಲ್ಲ ಯವ್ವಾ?"

"ಡಾಕ್ಟರೇ ಕೈಬಿಟ್ಟ ಮ್ಯಾಲ ಗುರ್ತಿಲ್ಲದ ಊರಾಗ ಹೋಗಿ ಯಾಕ ಸಾಯಲಿ... ಇರೂ ನಾಕು ದಿನ ನಿನ್ನ ಮಾರಿ ನೋಡ್ಕೋತ ಇರೂಣಂತ ಸುಮ್ಮನಾದೆ ಮಗಳ."

ಡಾಕ್ಟರ ಕಣ್ಣು ತುಂಬಿ ಬಂತು. ಒಲೆಯ ಪಕ್ಕ ನೆಲದ ಮೇಲೇ ಕೂತರು.

"ನಾ ಕೈಬಿಟ್ಟೀನಿ ಅಂತ ಯಾರು ಹೇಳಿದ್ರು? ಈ ರೋಗಾನ ದಿನಾ ನೋಡೋರು ಅಲ್ಲಿ ಅದಾರ. ಅವರು ಆಪರೇಷನ್ ಮಾಡಿದ್ರ ನೀವು ಉಳೀತೀರಿ ಅನ್ನೋ ಆಸೆ ಐತಿ. ಬದುಕ್ರಿ ಅಂತ ಕಳಸಾಕತ್ತೀನಿ ತಂಗಿ."

ಅನಸವ್ವ ಮೆಲ್ಲಗೆ ಕೇಳಿದರು... "ಅಲ್ಲಿ ನನಗ ಯಾರು ಗುರ್ತು ಅದಾರ್ರೀ?"

"ಹೆಣ್ಣಮಗಳನ್ನ ಗಂಡನ ಮನಿಗೆ ಒಬ್ಬಾಕಿನ್ನ ಕಳಸ್ತೀವೇನು? ತವರಿನವರು ಹೋಗಿ ಒಪ್ಪಿಸಿ ಕೊಟ್ಟು ಬರ್ತಾರ. ನಾನೂ ಬರ್ತೀನಿ."

ಬಂದೇ ಬಂದರು. ಕ್ಲಿನಿಕ್ ಬಾಗಿಲು ಹಾಕಿ, ತಾಯಿ ಮಗಳ ಜೊತೆ ರೈಲು ಹತ್ತಿದರು.

ಬೆಂಗಳೂರಿನ ಡಾಕ್ಟರಮ್ಮ ಅಣ್ಣಿಗೇರಿಯವರ ಮೊಮ್ಮಗಳ ವಯಸ್ಸಿನವರು. ಅಣ್ಣಿಗೇರಿಯವರು ಅನಸವ್ವನ ಕೈ ಹಿಡಿದು ಆ ಡಾಕ್ಟರಮ್ಮನ ಕೈಯಲ್ಲಿಟ್ಟರು.

"ನಮ್ಮ ಮನಿ ಹೆಣ್ಣಮಗಳವ್ವ... ನಿಮ್ಮ ಉಡಿಯಾಗ ಹಾಕೀನಿ. ತಿಳೀಲಾರದ ಏನಾರ ಅಂದ್ರ ಹೊಟ್ಟ್ಯಾಗ ಹಾಕ್ಕೊಳ್ರಿ."

ಪಕ್ಕದಲ್ಲಿದ್ದ ನರ್ಸ್ ಕಣ್ಣೊರೆಸಿಕೊಂಡರು.

ಆಪರೇಷನ್ ಚೆನ್ನಾಗಿ ಆಯಿತು. ಡಾಕ್ಟರ್ ಗದಗಿಗೆ ಮರಳಿದರು; ಅನಸವ್ವನ ಚಿಕಿತ್ಸೆ ಬೆಂಗಳೂರಿನಲ್ಲಿ ಇನ್ನೂ ನಡೆದಿದೆ... ಮುಂದಿನದು ದೇವರ ಇಚ್ಛೆ.

ಮೊನ್ನೆ ಡಾಕ್ಟರಿಗೆ ವಿಡಿಯೋ ಕಾಲ್ ಮಾಡಿದ ಅನಸವ್ವ ಹೇಗಿದ್ದೀರಿ ಅಂತಲೂ ಕೇಳಲಿಲ್ಲ. ಸೊರಗಿದ ಮುಖದಲ್ಲಿ ನಗುತ್ತಾ ಕೇಳಿದ್ದು ಒಂದೇ ಮಾತು...

"ಅಣ್ಣಾ, ತವರಿಗೆ ಕರಿಯಾಕ ಯಾವಾಗ ಬರ್ತೀ?"

ಸರಿಯಾದ ಕೈಗೆ ಒಪ್ಪಿಸಿ ಕೊಡುವುದೂ ಒಂದು ಚಿಕಿತ್ಸೆಯೇ.

ನಿಮ್ಮವರು ನಿಮ್ಮಿಂದ ಯಾವ ನೋವು ಮುಚ್ಚಿಟ್ಟಿದ್ದಾರೋ... ಒಂದು ದಿನವಾದರೂ ಪಕ್ಕದಲ್ಲಿ ಕೂತು ಕೇಳಿದ್ದೀರಾ?