ಕೆಂಪು ಕಾರಿನ ಪೂಜೆ

ಎರಡೇ ಬಾಗಿಲಿನ ಆ ಕೆಂಪು ವಿದೇಶಿ ಕಾರನ್ನು ನೋಡಲು ಹೋದಾಗಲೇ ಅದರ ಎಂಜಿನ್ ಓಡುತ್ತಿತ್ತು. ಒಳಗೆ ತಣ್ಣಗಿರಲಿ ಅಂತ ಎ.ಸಿ. ಹಾಕಿದೀನಿ ಎಂದಿದ್ದ ಬ್ರೋಕರ್. ಸಾಧಾರಣ ಕಾರಿನ ಬೆಲೆಗೇ ಸಿಕ್ಕಿತು. ಸುಧೀಂದ್ರ ಮನೆಗೂ ಹೋಗದೆ, ವಾಹನ ಪೂಜೆಗೆ ಊರೆಲ್ಲ ಹೋಗುವ ಗಣಪತಿ ಗುಡಿಯತ್ತ ತಿರುಗಿಸಿದ.

“ಇಷ್ಟು ಕಮ್ಮಿಗೆ ಯಾಕೆ ಕೊಟ್ರು?” ಹೆಂಡತಿ ವೈಜಯಂತಿ ಮತ್ತೆ ಕೇಳಿದಳು.

“ಒಬ್ಬರೇ ಓನರ್. ಫಾರಿನ್‌ಗೆ ಹೋಗ್ತಿದಾರಂತೆ. ಶೆಡ್ಡಿಂದ ಆಚೆಗೇ ತೆಗೀತಿರ್ಲಿಲ್ವಂತೆ.”

“ಡ್ಯಾಶ್‌ಬೋರ್ಡಲ್ಲಿ ಆ ಹಳದಿ ಲೈಟು?”

“ಸೆನ್ಸರ್ ಕಣೇ. ಸುಮ್ನಿರು.”

ಸಿಗ್ನಲ್ ದಾಟುವಷ್ಟರಲ್ಲಿ ಇನ್ನೊಂದು ಲೈಟು ಹತ್ತಿಕೊಂಡಿತು. ಅವಳು ಅದನ್ನು ಬಗ್ಗಿ ನೋಡಿದಳು. ಅವನು ರೇಡಿಯೋ ಹಾಕಿದ, ಆರಿಸಿದ, ಸ್ಟೀರಿಂಗ್ ಮೇಲೆ ಬೆರಳು ಕುಟ್ಟಿದ.

ಗುಡಿಯ ಮುಂದೆ ಅವಳು ಇಳಿದು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಆರತಿ ತಟ್ಟೆ ಹಿಡಿದು ಬಂದ ಅರ್ಚಕರು ಕಾರು ಕಂಡು ಒಂದು ಗಳಿಗೆ ನಿಂತರು. ಎಂಜಿನ್ ನಿಲ್ಲಿಸಲು ಸುಧೀಂದ್ರ ಕೈ ಚಾಚಿದ.

“ಆಫ್ ಮಾಡ್ಬೇಡಿ ಸ್ವಾಮಿ,” ಎಂದರು ಅರ್ಚಕರು. “ಹೋದ ಸಲ ಇದನ್ನ ತಗೊಂಡವರೂ, ಅದಕ್ಕೆ ಮುಂಚಿನವರೂ ಇಲ್ಲೇ ಆಫ್ ಮಾಡಿದ್ರು. ಕೊನೆಗೆ ನಾವೇ ರಸ್ತೆ ತನಕ ತಳ್ಳಬೇಕಾಯ್ತು.”