ಪೇಟಿ ಮಾಸ್ತರರ ಹೊಸ ವಾದ್ಯ

ನಲವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಪೇಟಿ ಮಾಸ್ತರರಿಗೆ ಮುಪ್ಪಿನಲ್ಲಿ ಮಾಡ್ಯುಲರ್ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯದ ಹುಚ್ಚು ಹತ್ತಿತು. ಸ್ವರ ಹುಟ್ಟಿಸಲು ಒಂದು ಡಬ್ಬಿ, ಅದನ್ನು ತಿದ್ದಲು ಇನ್ನೊಂದು, ನುಡಿಸಲು ಹಾರ್ಮೋನಿಯಂನಂಥ ಕೀಗಳು. ಎಲ್ಲವನ್ನೂ ಮರದ ಚೌಕಟ್ಟಿಗೆ ಕೂರಿಸಿ ವೈರಿನಿಂದ ಜೋಡಿಸಬೇಕು. ಇಪ್ಪತ್ತೆಂಟು ವರ್ಷ ಅವರಿಗೆ ತಬಲಾ ಸಾಥಿ ಕೊಟ್ಟ ಗುರುನಿಂಗಪ್ಪ ತಿಂಗಳಿಡೀ ಪಕ್ಕದಲ್ಲೇ ಕೂತು ಸ್ಕ್ರೂ ಬಿಗಿದ.

ಕೊನೆಯ ಡಬ್ಬಿ ಕೂರಿಸುವಾಗ ಕೇಳಿದ, "ಇದೇನ್ ಮಾಡತೈತ್ರಿ ಮಾಸ್ತರ?"

"ತಾಳಾ ಹಾಕತೈತಿ." ಮಾಸ್ತರರು ತಲೆ ಎತ್ತಲಿಲ್ಲ. "ಶನಿವಾರದ ಕಛೇರಿಗೆ ನೀ ಬರೂದು ಬ್ಯಾಡ."

ಗುರುನಿಂಗಪ್ಪ ಕೊನೆಯ ಸ್ಕ್ರೂವನ್ನೂ ಬಿಗಿದ. "ಮೊದಲನೇ ದಿನಾನ ಹೇಳಬೌದಿತ್ತಲ್ರಿ."

"ಹೇಳಿದ್ರ ಸ್ಕ್ರೂ ಯಾರು ಬಿಗೀತಿದ್ರು?"

ಮಾಸ್ತರರು ಸ್ವಿಚ್ಚು ಒತ್ತಿ, ಡಬ್ಬಿಯ ತಾಳದ ಜೊತೆ ಕೀಗಳ ಮೇಲೆ ಬೆರಳಾಡಿಸತೊಡಗಿದರು. ತಾಳದ ಒಂದು ಸುತ್ತು ಮುಗಿದು ಮುಂದಿನದರ ಮೊದಲ ಪೆಟ್ಟು ಬಿತ್ತು. ಅವರ ಬೆರಳು ಅರೆಕ್ಷಣ ತಡವಾಗಿ ಬಂತು. ಮರುಸುತ್ತಿನಲ್ಲೂ ಹಾಗೆಯೇ ಆಯಿತು.

"ಇದರ ಲಯಾನ ಸರಿ ಇಲ್ಲ," ಎಂದು ಗೊಣಗಿದರು.

ಗುರುನಿಂಗಪ್ಪ ಸ್ಕ್ರೂಡ್ರೈವರು ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡ.

"ಅದು ಸರೀನ ಐತ್ರಿ. ನಿಮ್ಮ ಬೆರಳು ಬರೂತನಕ ಇಷ್ಟು ವರ್ಷ ನಾ ಕಾಯ್ತಿದ್ದೆ."