ಲಿಟ್ಮಸ್ ಕಾಗದ, ಇರುವೆ ಸಾಲು

ಬಚ್ಚಲ ಮೋರಿಯ ಬಾಯಲ್ಲಿ ಆ ಬೆಳಿಗ್ಗೆಯೂ ಇರುವೆ ಮುತ್ತಿತ್ತು. ವೈದೇಹಿ ಮೊನ್ನೆ ಸೀಮೆಎಣ್ಣೆ ಹಾಕಿದ್ದಳು, ನಿನ್ನೆ ಬಿಸಿನೀರು ಸುರಿದಿದ್ದಳು. ಹಾಳಾದವು, ಮತ್ತೆ ಸಾಲುಗಟ್ಟಿ ಬಂದಿದ್ದವು. ಪಕ್ಕದಲ್ಲೇ ಗಂಡ ಅನಂತರಾಮ ಎಂಟು ವರ್ಷದ ಮಗಳು ಇಂದುವನ್ನು ಎತ್ತಿ ಹಿಡಿದು ಗಾಜಿನ ಬಟ್ಟಲಿಗೆ ಉಚ್ಚೆ ಹೊಯ್ಯಿಸುತ್ತಿದ್ದ. ಹೋದ ವಾರದವರೆಗೆ ಮಗು ತಾನೇ ನಿಲ್ಲುತ್ತಿತ್ತು. ಈಗ ಕಾಲು ನಿಲ್ಲುತ್ತಿರಲಿಲ್ಲ.

ಅನಂತರಾಮ ಬರೋಡಾದ ಹೊಸ ಎಣ್ಣೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಲ್ಯಾಬಿನಿಂದ ತಂದಿದ್ದ ನೀಲಿ ಲಿಟ್ಮಸ್ ಚೂರನ್ನು ಬಟ್ಟಲಿಗದ್ದಿ ಕಿಟಕಿಯ ಬೆಳಕಿಗೆ ಹಿಡಿದ. ಕಾಗದ ಕೆಂಪಾಯಿತು.

"ನೋಡು, ಇನ್ನೂ ಆಮ್ಲ! ಎಂಟು ವರ್ಷ ಅನ್ನ, ತೊಗರಿಬೇಳೆ ಅಂತ ತುರುಕಿದ್ದೀಯಲ್ಲ, ಅಷ್ಟೂ ರಕ್ತದಲ್ಲಿ ಹುಳಿಯಾಗಿ ಕೂತಿದೆ. ದ್ರಾಕ್ಷಿ ರಸ ಇನ್ನೊಂದು ಲೋಟ ಜಾಸ್ತಿ ಮಾಡೋಣ. ಜೇನುತುಪ್ಪ ಬೆರೆಸು."

ಮಗು ಬಡವಾಗತೊಡಗಿದಾಗ ಯಾರೋ ಪುಣ್ಯಾತ್ಮ ಇವನ ಕೈಗೆ ಪ್ರಕೃತಿ ಚಿಕಿತ್ಸೆಯ ಒಂದು ಪುಸ್ತಕ ಕೊಟ್ಟಿದ್ದ. ಕಾಯಿಲೆಗೆಲ್ಲ ಆಮ್ಲವೇ ಮೂಲ, ಹಣ್ಣು ತಿಂದರೆ ರಕ್ತ ಕ್ಷಾರವಾಗುತ್ತದೆ, ಕಾಗದ ನೀಲಿಯಾಗಿ ಉಳಿದ ದಿನ ರೋಗ ಹೋಯಿತು ಅಂತ. ಅಂದಿನಿಂದ ಮನೆಯಲ್ಲಿ ಸಾರಿನ ಪಾತ್ರೆ ಕವುಚಿ ಬಿದ್ದಿತ್ತು. ಸುಳ್ಳು ಹೇಳಬಾರದು, ಮಗಳ ಮೇಲೆ ಅವನಿಗೆ ಪ್ರಾಣ. ಒಂದೊಂದು ದ್ರಾಕ್ಷಿಯನ್ನೂ ತಾನೇ ಸೀಳಿ ಬೀಜ ತೆಗೆಯುತ್ತಿದ್ದ. ಮಗು ಮಾತ್ರ ಕರಗುತ್ತಲೇ ಇತ್ತು.

"ಅಮ್ಮಾ, ಪಾಣಿ," ಅಂದಳು ಇಂದು. ಬಾಯಾರಿದಾಗ ಅವಳಿಗೆ ಗುಜರಾತಿಯೇ ಬರುತ್ತಿತ್ತು. ಒಂದು ಚೊಂಬು ನೀರು ಕುಡಿದು ಮತ್ತೆ "ಪಾಣಿ" ಅಂದಳು. ಮಲಗಿದ್ದಲ್ಲೇ ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ವೈದೇಹಿ ಚೊಂಬು ಕೆಳಗಿಟ್ಟಳು.

"ಏನೂಂದ್ರೆ, ಹಾಸನದಲ್ಲಿ ನಮ್ಮ ತಾತ ಹಿತ್ತಲಿಗೆ ಹೋಗಿ ಬಂದ ಕಡೆ ಹೀಗೇ ಇರುವೆ ಮುತ್ತುತ್ತಿತ್ತು. ಅವರಿಗೆ ಸಿಹಿಮೂತ್ರ. ಇವಳನ್ನ ದೊಡ್ಡಾಸ್ಪತ್ರೆಗೆ ತೋರಿಸೋಣ, ಏಳಿ."

"ಅದು ಮುದುಕರ ಕಾಯಿಲೆ ಕಣೇ. ಈ ಕೂಸಿಗೆ ಬರುತ್ತಾ? ಕಾಗದ ಹುಳಿ ಅಂತಿದೆ, ನೀನು ಸಿಹಿ ಅಂತೀಯ. ಆಸ್ಪತ್ರೆಗೆ ಹೋದರೆ ಔಷಧಿ ಚುಚ್ಚಿ ಇನ್ನಷ್ಟು ವಿಷ ಸೇರಿಸ್ತಾರೆ. ಇನ್ನು ಮೂರೇ ದಿನ, ತಾಳು."

"ಮೂರು ದಿನ ಇವಳು ಇರ್ತಾಳೇನು?"

"ಬಾಯಿಗೆ ಬಂದದ್ದು ಆಡಬೇಡ!" ಅನಂತರಾಮ ಬಾಗಿಲಿಗೆ ಅಡ್ಡ ನಿಂತ. "ನಾನು ಕಣ್ಣಾರೆ ಪರೀಕ್ಷೆ ಮಾಡಿದ್ದೀನಿ. ನಿನ್ನ ಹತ್ತಿರ ಏನಿದೆ?"

ಮಡಿಯೆಂದರೆ ಮಡಿ, ಎಂಜಲೆಂದರೆ ಮಾರು ದೂರ ಇರುವವಳು ವೈದೇಹಿ. ಬಗ್ಗಿ ಬಟ್ಟಲೆತ್ತಿಕೊಂಡಳು, ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಆಮೇಲೆ ಬಟ್ಟಲನ್ನು ಗಂಡನ ಮುಂದೆ ಹಿಡಿದಳು.

"ಸಕ್ಕರೆ ಪಾನಕ. ನೀವೂ ರುಚಿ ನೋಡಿ. ಇವಳ ಅಪ್ಪ ಅಲ್ಲವೇ?"

ಅನಂತರಾಮ ನೋಡಲಿಲ್ಲ. ಬಾಗಿಲಿನಿಂದ ಸರಿದ. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿ ಟಾಂಗಾ ಹತ್ತುವಾಗ ಹಿಂದಿನಿಂದ ಬಂದು ಹತ್ತಿದ. ಕೈಯಲ್ಲಿ ದ್ರಾಕ್ಷಿ ರಸದ ಫ್ಲಾಸ್ಕ್ ಇತ್ತು, ಅದನ್ನು ಯಾವಾಗ ತೆಗೆದುಕೊಂಡನೋ ಅವನಿಗೂ ಗೊತ್ತಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಮಗುವಿನ ಬಾಯಿಯ ಹತ್ತಿರ ಮೂಗು ತಂದು ಕಳಿತ ಹಣ್ಣಿನಂಥ ವಾಸನೆ ಹಿಡಿದರು, ಅಷ್ಟೇ. ನರ್ಸನ್ನು ಕೂಗಿ ಇನ್ಸುಲಿನ್ ತರಿಸಿದರು, ಸಲೈನ್ ಏರಿಸಿದರು. "ಸಕ್ಕರೆ ಕಾಯಿಲೆ. ರಕ್ತದಲ್ಲಿ ಆಮ್ಲ ತುಂಬಿಹೋಗಿದೆ," ಅಂದರು ಹಿಂದಿಯಲ್ಲಿ.

ಅನಂತರಾಮ ತಟ್ಟನೆ ತಲೆ ಎತ್ತಿದ. "ಆಮ್ಲ! ನಾನೂ ಅದನ್ನೇ..."

"ಆಮ್ಲ ಹೌದು ಸಾಹೇಬರೇ. ಸಕ್ಕರೆ ಮೈಗೆ ಹತ್ತದೇ ಹೋದಾಗ ಹುಟ್ಟೋ ಆಮ್ಲ. ಇಷ್ಟು ದಿನ ಏನು ಕೊಡ್ತಿದ್ದಿರಿ?"

ವೈದೇಹಿಯ ನಾಲಿಗೆಯ ತುದಿಗೆ ಎಲ್ಲ ಬಂದಿತ್ತು. ಅವಳು ನುಂಗಿಕೊಂಡಳು. ಅವನೇ ಹೇಳಿದ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ: "ದ್ರಾಕ್ಷಿ ರಸ. ಜೇನುತುಪ್ಪ. ನಾನೇ."

ಡಾಕ್ಟರು ಅವನನ್ನು ಬೈಯಲಿಲ್ಲ. ಸಂಜೆಯವರೆಗೆ ಏನೂ ಹೇಳಲಾಗದು ಅಂದರು.

ಮಧ್ಯಾಹ್ನ ನಾಲ್ಕರ ಸುಮಾರಿಗೆ ಇಂದುವಿನ ಉಸಿರು ಹದಕ್ಕೆ ಬಂತು. ಕಣ್ಣು ಬಿಟ್ಟು, "ಅಪ್ಪಾ, ಪಾಣಿ," ಅಂದಳು. ಅನಂತರಾಮನ ಕೈ ರೂಢಿಯಂತೆ ಫ್ಲಾಸ್ಕಿನ ಮುಚ್ಚಳಕ್ಕೆ ಹೋಯಿತು, ಅಲ್ಲೇ ನಿಂತಿತು. ವೈದೇಹಿ ನೀರಿನ ಲೋಟವನ್ನು ಅವನ ಇನ್ನೊಂದು ಕೈಗೆ ಕೊಟ್ಟಳು. ಅವನು ಕುಡಿಸಿದ.

ಆಮೇಲೆ ಹೊರಗೆ ಹೋದ. ವೈದೇಹಿ ಕಿಟಕಿಯಿಂದ ನೋಡಿದಳು. ಅಂಗಳದ ಮೋರಿಯ ಹತ್ತಿರ ಫ್ಲಾಸ್ಕ್ ಬಗ್ಗಿಸಿ ರಸವನ್ನೆಲ್ಲ ಕಲ್ಲಿನ ಮೇಲೆ ಸುರಿದ. ಇರುವೆ ಬರುವವರೆಗೂ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದ.